ಟೆನ್ನಿಸ್ ಅಂಗಳ ಸರಿಸಿದ ಕಪ್ಪೆ

ಮಳೆ ಬಾರದಿದ್ದರೆ ಕಪ್ಪೆಗಳಿಗೆ ಮದುವೆ ಮಾಡಿಸುವ ನಾಡಿನವರು ನಾವು. ಆದರೆ ಕಪ್ಪೆಗಾಗಿ 2000ದ ಒಲಿಂಪಿಕ್ಸ್ ನಕ್ಷೆಯೇ ಬದಲಾದದ್ದು ನಮ್ಮ ಸಿಡ್ನಿಯಲ್ಲಿ! ಹೋಂಬುಷ್‌ನ ಹಳೆಯ ಇಟ್ಟಿಗೆ ಕಾರ್ಖಾನೆಯವರು ಮಣ್ಣು ತೆಗೆದ ಗುಂಡಿಯಲ್ಲಿ ಟೆನ್ನಿಸ್ ಅಂಗಳ ಬರಬೇಕಿತ್ತು. 1992ರಲ್ಲಿ ಅಲ್ಲಿ ಹಸಿರು-ಹೊನ್ನಿನ ಬೆಲ್ ಕಪ್ಪೆಗಳು ಕಂಡವು. ಆಸ್ಟ್ರೇಲಿಯಾ ಆಟಗಾರರು ತೊಡುವ ಬಣ್ಣಗಳೇ! ನ್ಯೂ ಸೌತ್ ವೇಲ್ಸ್‌ನ 1991ರ ಕಾನೂನಿನಂತೆ, ಅಳಿವಿನಂಚಿನ ಪ್ರಾಣಿಗಳ ನೆಲೆಗೆ ಧಕ್ಕೆ ತರುವವರು ಮೊದಲು ಪರಿಣಾಮದ ವರದಿ ಒಪ್ಪಿಸಬೇಕಿತ್ತು. ಟೆನ್ನಿಸ್ ಬೇರೆಡೆಗೆ ಹೋಯಿತು, ಗುಂಡಿ ಕಪ್ಪೆಗೆ ಉಳಿಯಿತು.

ಮೆಲ್ಬರ್ನ್ ಕಡೆಯ ಕಥೆ ಇಷ್ಟು ನೇರವಲ್ಲ. ಬಾಲ್ಡ್ ಹಿಲ್ಸ್‌ನ ಗಾಳಿಯಂತ್ರಗಳನ್ನು ಕಿತ್ತಳೆ ಹೊಟ್ಟೆಯ ಗಿಳಿಯ ಹೆಸರಿನಲ್ಲಿ 2006ರಲ್ಲಿ ಕೇಂದ್ರ ಸಚಿವರು ತಡೆದರು. ಅದೇ ವರ್ಷ ಒಪ್ಪಿಗೆಯನ್ನೂ ಕೊಟ್ಟರು. ಗಿಳಿಗಿಂತ ರಾಜಕೀಯವೇ ಹೆಚ್ಚಿತ್ತೆಂದು ನಮ್ಮ ಅನಿಸಿಕೆ.

ಹೋಂಬುಷ್ ಗುಂಡಿಯ ಮೇಲೆ ಈಗ ದುಂಡನೆಯ ಕಾಲುದಾರಿಯಿದೆ. ಬೇಸಿಗೆಯಲ್ಲಿ ಮಕ್ಕಳೊಂದಿಗೆ ಹೋಗಿ, ಕಿವಿಗೊಟ್ಟು ಕೇಳಿ.