ಕೊಠಡಿ ತೆರವು ಮಾಡಿದ ಮೇಲೂ ಬಾಡಿಗೆಯ ಹೊಣೆಯೇ? – ಕೂಡಿ ಬಾಡಿಗೆ ಹಿಡಿದವರು ಅರಿತಿರಬೇಕಾದ ಸಂಗತಿಗಳು

ಊರಿನಿಂದ ಉದ್ಯೋಗಕ್ಕಾಗಿ ಮುಂಬಯಿಗೆ ಬರುವ ನಮ್ಮ ಯುವಕ ಯುವತಿಯರು ಮೂವರೋ ನಾಲ್ವರೋ ಸೇರಿ ಒಂದು ಫ್ಲ್ಯಾಟನ್ನು ಬಾಡಿಗೆಗೆ ಹಿಡಿಯುವುದು ಸಾಮಾನ್ಯ. ಉದ್ಯೋಗ ಬದಲಾದಾಗಲೋ ಮದುವೆ ನಿಶ್ಚಯವಾದಾಗಲೋ ಅವರಲ್ಲೊಬ್ಬರು ತಮ್ಮ ಪಾಲಿನ ಬಾಡಿಗೆಯನ್ನು ಚುಕ್ತಾ ಮಾಡಿ ಹೊರಡುತ್ತಾರೆ. ಕೆಲವು ತಿಂಗಳ ಬಳಿಕ, ಉಳಿದವರು ಬಾಡಿಗೆ ಕಟ್ಟಿಲ್ಲವೆಂದು ಮನೆಮಾಲೀಕರ ವಕೀಲರಿಂದ ಹೊರಟುಹೋದವರಿಗೂ ನೋಟೀಸು ಬರುವುದುಂಟು. ‘ನಾನು ವಾಸವಿಲ್ಲದ ಮನೆಗೆ ನಾನೇಕೆ ಬಾಡಿಗೆ ತೆರಬೇಕು?’ ಎಂಬ ಪ್ರಶ್ನೆ ಸಹಜವೇ. ಆದರೆ ಕರಾರುಪತ್ರದಲ್ಲಿ ಯಾರ ಸಹಿಯಿದೆ ಎಂಬುದನ್ನೇ ಕಾನೂನು ಮೊದಲು ನೋಡುತ್ತದೆ.

ಕರಾರಿನ ಸ್ವರೂಪ

ಮಹಾರಾಷ್ಟ್ರದಲ್ಲಿ ಇಂತಹ ಮನೆಗಳನ್ನು ಹೆಚ್ಚಾಗಿ ‘ಲೀವ್ ಅಂಡ್ ಲೈಸೆನ್ಸ್’ ಕರಾರಿನ ಮೇಲೆ ಕೊಡಲಾಗುತ್ತದೆ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನಂತೆ ಈ ಕರಾರು ಲಿಖಿತವಾಗಿದ್ದು ನೋಂದಣಿಯಾಗಿರಬೇಕು. ನೋಂದಣಿ ಮಾಡಿಸುವ ಜವಾಬ್ದಾರಿ ಮಾಲೀಕರದು. ಕರಾರು ಸಾಮಾನ್ಯವಾಗಿ ಮೂರು ಬಗೆಯಲ್ಲಿರುತ್ತದೆ.

1. ಎಲ್ಲರ ಹೆಸರೂ ಒಂದೇ ಕರಾರಿನಲ್ಲಿದ್ದರೆ, ಹೊಣೆ ಜಂಟಿಯಾದುದು.
2. ಒಬ್ಬರ ಹೆಸರಿನಲ್ಲಿ ಮಾತ್ರ ಕರಾರಿದ್ದರೆ, ಮಾಲೀಕರಿಗೆ ಅವರೊಬ್ಬರೇ ಹೊಣೆ. ಅವರು ಮನೆ ಬಿಟ್ಟು, ಕರಾರನ್ನು ರದ್ದುಪಡಿಸದೆ ಹೋದರೆ, ಉಳಿದ ಗೆಳೆಯರ ಬಾಕಿಯೂ ಅವರ ತಲೆಯ ಮೇಲೆಯೇ.
3. ಪ್ರತಿಯೊಬ್ಬರಿಗೂ ಪ್ರತ್ಯೇಕ ಕರಾರಿದ್ದರೆ, ಅವರವರ ಬಾಕಿಗೆ ಅವರವರೇ ಹೊಣೆ.

ಜಂಟಿ ಹೊಣೆಯೆಂದರೆ

1872ರ ಭಾರತೀಯ ಕರಾರು ಕಾಯ್ದೆಯ 43ನೇ ಕಲಮು ಇದಕ್ಕೆ ಆಧಾರ. ಹಲವರು ಕೂಡಿ ಹಣ ಕೊಡುವೆವೆಂದು ಒಪ್ಪಿದ್ದಲ್ಲಿ, ಕರಾರಿನಲ್ಲಿ ಬೇರೆ ಮಾತು ಇಲ್ಲದಿದ್ದರೆ, ಯಾರೊಬ್ಬರಿಂದಲೂ ಪೂರ್ಣ ಹಣವನ್ನು ಕೇಳಬಹುದು. ಕಾಯ್ದೆಯೇ ಕೊಡುವ ಉದಾಹರಣೆಯಂತೆ, ಮೂವರು ಸೇರಿ ನಾಲ್ಕನೆಯವನಿಗೆ 3,000 ರೂಪಾಯಿ ಕೊಡಬೇಕಿದ್ದರೆ, ಅವನು ಮೂವರಲ್ಲಿ ಯಾರೊಬ್ಬನಿಂದಲೂ ಇಡೀ 3,000 ರೂಪಾಯಿ ವಸೂಲು ಮಾಡಬಹುದು. ತೆತ್ತವನಿಗೆ ಉಳಿದಿಬ್ಬರಿಂದ ತಲಾ 1,000 ರೂಪಾಯಿ ಕೇಳುವ ಹಕ್ಕುಂಟು. ಒಬ್ಬನು ದಿವಾಳಿಯಾಗಿ 500 ರೂಪಾಯಿ ಮಾತ್ರ ಕೊಟ್ಟರೆ, ಉಳಿದ 2,500ನ್ನು ಮಿಕ್ಕಿಬ್ಬರು ತಲಾ 1,250ರಂತೆ ಹೊರಬೇಕು. ಬ್ಯಾಂಕಿನಲ್ಲಿ ದುಡಿಯುವ ನಮಗೆ ಇದು ಹೊಸತಲ್ಲ. ಜಂಟಿ ಸಾಲಪತ್ರಕ್ಕೆ ಸಹಿ ಹಾಕಿದ ಇಬ್ಬರಲ್ಲೊಬ್ಬರು ಊರು ಬಿಟ್ಟ ಮಾತ್ರಕ್ಕೆ ಸಾಲ ಅರ್ಧವಾಗುವುದಿಲ್ಲ.

ಬಿಡುಗಡೆಯ ದಾರಿ

ಮಾಲೀಕರು ‘ನೀವು ಹೋಗಬಹುದು’ ಎಂದು ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಲಿಖಿತ ಬಿಡುಗಡೆ ಕೊಟ್ಟರೂ ಅರ್ಧ ಕೆಲಸವಷ್ಟೇ ಆದಂತೆ. ಏಕೆಂದರೆ 44ನೇ ಕಲಮಿನ ಪ್ರಕಾರ, ಒಬ್ಬರನ್ನು ಮಾಲೀಕರು ಬಿಡುಗಡೆ ಮಾಡಿದರೂ ಸಂಗಡಿಗರಿಗೆ ಅವರು ಕೊಡಬೇಕಾದ ಪಾಲಿನ ಹೊಣೆ ಉಳಿದೇ ಇರುತ್ತದೆ. ಆದುದರಿಂದ ಪತ್ರಕ್ಕೆ ಮಾಲೀಕರು, ಹೊರಡುವವರು, ಉಳಿಯುವವರು – ಎಲ್ಲರೂ ಸಹಿ ಹಾಕುವುದು ಕ್ಷೇಮ. ಹಳೆಯ ಕರಾರನ್ನು ಮುಗಿಸಿ, ಉಳಿದವರ ಹೆಸರಿನಲ್ಲಿ ಹೊಸ ಕರಾರು ನೋಂದಾಯಿಸಿದರೆ ಇನ್ನೂ ಉತ್ತಮ. ಪತ್ರದಲ್ಲಿ ಇರಬೇಕಾದ ಅಂಶಗಳು:

– ಮನೆ ಬಿಟ್ಟ ದಿನಾಂಕ, ಬೀಗದ ಕೈ ಒಪ್ಪಿಸಿದ ವಿವರ
– ಆ ದಿನದವರೆಗಿನ ಬಾಡಿಗೆ, ವಿದ್ಯುತ್ ಮತ್ತು ಗ್ಯಾಸ್ ಬಿಲ್ಲುಗಳು ಚುಕ್ತಾ ಆಗಿರುವ ಉಲ್ಲೇಖ
– ಮುಂದಿನ ಬಾಕಿಗಳಿಗೆ ಹೊಣೆಯಿಲ್ಲವೆಂಬ ಸ್ಪಷ್ಟ ವಾಕ್ಯ
– ಡಿಪಾಸಿಟ್ಟಿನಲ್ಲಿ ಅವರ ಪಾಲನ್ನು ಯಾರು, ಎಂದು ಮರಳಿಸಿದರೆಂಬ ವಿವರ

ಹೊಸದಾಗಿ ಬಂದ ಗೆಳೆಯನಿಂದ ಡಿಪಾಸಿಟ್ಟಿನ ಪಾಲನ್ನು ಕೈಯಿಂದ ಕೈಗೆ ಪಡೆದು ಹೊರಡುವ ರೂಢಿಯುಂಟು. ಇದರಿಂದ ಕರಾರಿನಲ್ಲಿರುವ ಹೆಸರು ಅಳಿಸಿಹೋಗದು.

ಅವಧಿ ಮುಗಿದಾಗ

ಕರಾರಿನ ಅವಧಿ ಮುಗಿದ ಮೇಲೂ ಮನೆ ಒಪ್ಪಿಸದೆ ಉಳಿಯುವವರು 24ನೇ ಬಾಡಿಗೆ ಕಲಮಿನಂತೆ ಲೈಸೆನ್ಸ್ ಶುಲ್ಕದ ಎರಡರಷ್ಟು ನಷ್ಟಪರಿಹಾರ ತೆರಬೇಕಾಗುತ್ತದೆ. ಮೊದಲೇ ಹೊರಟವರು ತಾವು ಮನೆ ಬಿಟ್ಟುದಕ್ಕೆ ದಾಖಲೆಯಿಟ್ಟುಕೊಳ್ಳಲು ಇದೂ ಒಂದು ಕಾರಣ.

ಜಾಮೀನು ನಿಂತ ಹಿರಿಯರಿಗೆ

ಊರಿನ ನೆಂಟರ ಮಕ್ಕಳಿಗಾಗಿ ಮುಂಬಯಿಯ ಮಾವನೋ ಚಿಕ್ಕಪ್ಪನೋ ಜಾಮೀನು ಸಹಿ ಹಾಕುವುದುಂಟು. ಕರಾರು ಕಾಯ್ದೆಯ 128ನೇ ಕಲಮಿನಂತೆ, ಬೇರೆ ಷರತ್ತಿಲ್ಲದಿದ್ದರೆ, ಜಾಮೀನುದಾರರ ಹೊಣೆ ಮೂಲ ಹೊಣೆಯಷ್ಟೇ ವ್ಯಾಪಕ. ಹುಡುಗ ಮನೆ ಬಿಟ್ಟಾಗ ತಮ್ಮ ಜಾಮೀನನ್ನೂ ಲಿಖಿತವಾಗಿ ಬಿಡಿಸಿಕೊಳ್ಳುವುದನ್ನು ಹಿರಿಯರು ಮರೆಯಬಾರದು.

ನೋಟೀಸು ಬಂದರೆ

ಸುಮ್ಮನಿರಬಾರದು. ಕರಾರಿನ ಪ್ರತಿ, ಬ್ಯಾಂಕ್ ಪಾವತಿಯ ವಿವರ ಹಾಗೂ ಬಿಡುಗಡೆ ಪತ್ರದೊಡನೆ ವಕೀಲರ ಮೂಲಕ ಉತ್ತರಿಸಬೇಕು. ಬಾಕಿ ಯಾವ ತಿಂಗಳುಗಳದ್ದು, ಡಿಪಾಸಿಟ್ಟಿನಲ್ಲಿ ಎಷ್ಟು ವಜಾ ಮಾಡಿದ್ದಾರೆ ಎಂಬ ಲೆಕ್ಕವನ್ನು ಕೇಳಬೇಕು. ಬಾಡಿಗೆ ಬಾಕಿಯ ದಾವೆಗೆ 1963ರ ಕಾಲಮಿತಿ ಕಾಯ್ದೆ ಮೂರು ವರ್ಷಗಳ ಗಡುವು ವಿಧಿಸಿದೆ. ಅಷ್ಟು ಕಾಲವಾದರೂ ದಾಖಲೆಗಳು ಕೈಯಲ್ಲಿರಲಿ. ಹಣ ತೆರಬೇಕಾಗಿ ಬಂದರೆ ರಸೀದಿ ಪಡೆದು, ಸಂಗಡಿಗರಿಂದ ಅವರ ಪಾಲನ್ನು ಲಿಖಿತವಾಗಿ ಕೇಳಬೇಕು.

ಒಂದೇ ಅಡುಗೆಮನೆಯಲ್ಲಿ ಉಂಡವರ ನಡುವೆ ಕಾಗದಪತ್ರ ಕೇಳಲು ಸಂಕೋಚವಾಗುವುದು ನಿಜ. ಆದರೆ ಹೊರಡುವ ದಿನ ಬರೆಸಿಕೊಂಡ ಒಂದು ಪುಟ, ಮುಂದೆ ಹಣವನ್ನೂ ಸ್ನೇಹವನ್ನೂ ಉಳಿಸೀತು. ಬಾಡಿಗೆ ಮನೆಯಲ್ಲಿರುವ ಮಕ್ಕಳಿಗೆ ಮನೆಯ ಹಿರಿಯರು ಈ ಮಾತನ್ನು ತಿಳಿಯಹೇಳಬೇಕೆಂದು ನಮ್ಮ ವಿನಂತಿ.