ಕಣ್ಣಿಗೆ ಬಿದ್ದದ್ದು ಕಾಲಿಗೆ ಇಳಿಯಬೇಕು



ಯಾವ ಊರಲ್ಲಿ ನಮ್ಮವರ ಮೇಲೆ ದೌರ್ಜನ್ಯ ಆದ್ರೂ ಮೊದಲು ಬರೋದು ಫೋಟೋ. ಎಫ್‌ಐಆರ್ ಆಮೇಲೆ. "ಅಣ್ಣಾ, ಶೇರ್ ಮಾಡಿ" ಅಂತ ನನಗೂ ಕಳಿಸ್ತಾರೆ. ಇಂಥವನ್ನ ಹಾಕಬೇಕಾ ಬೇಡ್ವಾ ಅನ್ನೋ ಜಗಳ ನಮ್ಮೊಳಗೆ ಇದ್ದೇ ಇದೆ. ಹಾಕದಿದ್ರೆ ಲೋಕಕ್ಕೆ ಗೊತ್ತಾಗಲ್ಲ ಅಂತ ಕೆಲವರು. ನಮ್ಮವರ ಹೆಣ ಏನು ಪ್ರದರ್ಶನಕ್ಕಾ ಅಂತ ಇನ್ನು ಕೆಲವರು. ಎರಡರಲ್ಲೂ ಸತ್ಯ ಇದೆ. ಅಮೆರಿಕದ ಕಪ್ಪು ಜನ ಈ ಪ್ರಶ್ನೆಯನ್ನ ನಮಗಿಂತ ಮೊದಲೇ ಎದುರಿಸಿದ್ದಾರೆ. ಆ ಚರಿತ್ರೆ ಹೇಳ್ತೀನಿ. ಸ್ವಲ್ಪ ಉದ್ದ ಇದೆ, ಓದಿ.

ಅಲ್ಲಿ ಈ ಫೋಟೋಗಳನ್ನ ಮೊದಲು ಹಂಚಿದ್ದು ಕೊಂದವರ ಕಡೆಯವರೇ. ಕಪ್ಪು ಮನುಷ್ಯನನ್ನ ಮರಕ್ಕೆ ನೇತುಹಾಕಿ, ಹೆಣದ ಪಕ್ಕ ನಿಂತು ಫೋಟೋ ತೆಗೆಸಿಕೊಳ್ತಿದ್ರು. ಅದನ್ನ ಪೋಸ್ಟ್‌ಕಾರ್ಡ್ ಮಾಡಿ ಮಾರ್ತಿದ್ರು, ನೆಂಟರಿಗೆ ಕಳಿಸ್ತಿದ್ರು. ಯಾರೂ ಮುಖ ಮುಚ್ಚಿಕೊಳ್ತಿರಲಿಲ್ಲ, ಯಾಕಂದ್ರೆ ಶಿಕ್ಷೆಯ ಭಯವೇ ಇರಲಿಲ್ಲ. 1916ರ ಮೇ ತಿಂಗಳಲ್ಲಿ ಟೆಕ್ಸಾಸ್‌ನ ವೇಕೊ ಪಟ್ಟಣದಲ್ಲಿ ಜೆಸ್ಸಿ ವಾಷಿಂಗ್ಟನ್ ಅನ್ನೋ ಹುಡುಗನನ್ನ ಸಾವಿರಾರು ಜನರ ಮುಂದೆ ಸುಟ್ಟರು. ಊರಿನ ಫೋಟೋಗ್ರಾಫರ್ ಅದನ್ನೂ ತೆಗೆದ. ಕಪ್ಪು ಜನರ ಹಕ್ಕುಗಳ ಸಂಘಟನೆ ಎನ್‌ಎಎಸಿಪಿ ಆ ಫೋಟೋಗಳನ್ನ ಸಂಪಾದಿಸಿತು. ಡುಬಾಯ್ಸ್ ಸಂಪಾದಕರಾಗಿದ್ದ 'ದಿ ಕ್ರೈಸಿಸ್' ಪತ್ರಿಕೆ ಜುಲೈನಲ್ಲಿ ಅವನ್ನ ಛಾಪಿಸಿತು. ಕೊಂದವರಿಗೆ ಹೆಮ್ಮೆಯ ನೆನಪಾಗಿದ್ದ ಚಿತ್ರ ಅವರ ವಿರುದ್ಧವೇ ಸಾಕ್ಷಿ ಆಯ್ತು.

ಇದಾಗಿ 39 ವರ್ಷಕ್ಕೆ ಎಮೆಟ್ ಟಿಲ್. ಷಿಕಾಗೋದ ಹುಡುಗ, 14 ವರ್ಷ. ಬೇಸಿಗೆ ರಜೆಗೆ ಮಿಸಿಸಿಪ್ಪಿಯ ನೆಂಟರ ಮನೆಗೆ ಹೋಗಿದ್ದ. ಬಿಳಿ ಹೆಂಗಸಿನ ಜೊತೆ ಸಲಿಗೆಯಿಂದ ನಡೆದುಕೊಂಡ ಅನ್ನೋ ಆರೋಪ ಹೊರಿಸಿ 1955ರ ಆಗಸ್ಟ್ 28ರ ರಾತ್ರಿ ಎತ್ತಿಕೊಂಡು ಹೋಗಿ ಕೊಂದರು. ಕತ್ತಿಗೆ ಹತ್ತಿ ಜಿನ್ನಿನ ಫ್ಯಾನನ್ನ ಮುಳ್ಳುತಂತಿಯಲ್ಲಿ ಕಟ್ಟಿ ನದಿಗೆ ಎಸೆದರು. ಹೆಣ ಸಿಕ್ಕ ಮೇಲೆ ಅಲ್ಲಿನ ಅಧಿಕಾರಿಗಳಿಗೆ ಅಲ್ಲೇ, ಬೇಗ ಹೂತುಬಿಡೋ ಆತುರ. ನಮಗಿದು ಹೊಸದಲ್ಲ. ರಾತ್ರೋರಾತ್ರಿ ಸುಟ್ಟುಬಿಡೋ ಪೊಲೀಸರನ್ನ ನಾವೂ ನೋಡಿದ್ದೀವಿ.

ತಾಯಿ ಮೇಮಿ ಟಿಲ್ ಒಪ್ಪಲಿಲ್ಲ. ಮಗನನ್ನ ಷಿಕಾಗೋಗೆ ತರಿಸಿಕೊಂಡರು. ಪೆಟ್ಟಿಗೆ ತೆರೆಯಬಾರದು ಅನ್ನೋ ಷರತ್ತನ್ನ ಮುರಿದು ತೆರೆಸಿದರು. ಮುಖ ಸರಿಮಾಡೋದು ಬೇಡ, ನಾನು ನೋಡಿದ್ದನ್ನ ಎಲ್ಲರೂ ನೋಡಲಿ ಅಂದರು. ಗಾಜಿನ ಕೆಳಗೆ ಮಲಗಿದ್ದ ಆ ಮಗುವನ್ನ ಹತ್ತಾರು ಸಾವಿರ ಜನ ಸಾಲಲ್ಲಿ ನಿಂತು ನೋಡಿದರು. ಪೆಟ್ಟಿಗೆಯ ಮುಚ್ಚಳದ ಒಳಗೆ ಇನ್ನೂ ಕೆಲವು ಫೋಟೋ ಅಂಟಿಸಿದ್ರು: ಹಿಂದಿನ ಕ್ರಿಸ್‌ಮಸ್‌ಗೆ ಟೈ ಕಟ್ಟಿಕೊಂಡು ನಗ್ತಾ ನಿಂತಿದ್ದ ಎಮೆಟ್. ನೋಡಿದವರು ಎರಡನ್ನೂ ಒಟ್ಟಿಗೆ ನೋಡಬೇಕಾಯ್ತು. ಇವನು ಬರೀ ಹೆಣ ಅಲ್ಲ, ನನ್ನ ಮಗ ಅಂತ ಆ ತಾಯಿ ಹೇಳಿದ್ದು ಹೀಗೆ.

'ಜೆಟ್' ಅನ್ನೋ ಕಪ್ಪು ಜನರ ವಾರಪತ್ರಿಕೆ ಡೇವಿಡ್ ಜಾಕ್ಸನ್ ತೆಗೆದ ಫೋಟೋ ಹಾಕಿತು. ಬಿಳಿಯರ ದೊಡ್ಡ ಪತ್ರಿಕೆಗಳು ಹಾಕಲಿಲ್ಲ. ಬಿಳಿಯರೇ ತುಂಬಿದ್ದ ಜ್ಯೂರಿ ಒಂದು ಗಂಟೆ ಚಿಲ್ಲರೆಯಲ್ಲಿ ಆರೋಪಿಗಳನ್ನ ಬಿಟ್ಟಿತು. ಕೆಲವೇ ತಿಂಗಳಲ್ಲಿ ಅವರೇ ಪತ್ರಿಕೆಯೊಂದರಿಂದ ದುಡ್ಡು ತಗೊಂಡು, ಹೌದು ನಾವೇ ಕೊಂದದ್ದು ಅಂತ ಹೇಳಿಕೊಂಡರು.

ಹಾಗಾದ್ರೆ ಫೋಟೋದಿಂದ ಏನಾಯ್ತು? ಕೋರ್ಟು ಅಲುಗಾಡಲಿಲ್ಲ. ಅಲುಗಾಡಿದ್ದು ಜನ. ನವೆಂಬರ್ 27ಕ್ಕೆ ಅಲಬಾಮಾದ ಮಾಂಟ್ಗೊಮರಿಯಲ್ಲಿ ಈ ಕೊಲೆಯ ಬಗ್ಗೆ ಒಂದು ಸಭೆ ಆಯ್ತು. ಅಲ್ಲಿ ರೋಸಾ ಪಾರ್ಕ್ಸ್ ಕೂತಿದ್ರು. ನಾಲ್ಕೇ ದಿನಕ್ಕೆ, ಡಿಸೆಂಬರ್ 1ಕ್ಕೆ, ಅವರು ಬಸ್ಸಿನ ಸೀಟು ಬಿಟ್ಟು ಏಳಲಿಲ್ಲ. ಅದಕ್ಕೆ ಹಿಂದೆ ಇನ್ನೂ ಹಲವು ಕಾರಣ ಇದ್ವು. ಅದೇ ಮಾರ್ಚ್‌ನಲ್ಲಿ 15 ವರ್ಷದ ಕ್ಲಾಡೆಟ್ ಕೋಲ್ವಿನ್ ಏಳದೆ ಜೈಲಿಗೆ ಹೋಗಿದ್ದಳು. ಮಹಿಳೆಯರ ಸಂಘಟನೆ ಬಹಿಷ್ಕಾರಕ್ಕೆ ತಯಾರಿ ನಡೆಸಿತ್ತು. ಒಂದೇ ಫೋಟೋ ಚಳವಳಿ ಹುಟ್ಟಿಸಲ್ಲ. ಸಂಘಟನೆ ಸಿದ್ಧ ಇದ್ದ ಕಡೆ ಅದು ಕಿಡಿ ಆಗುತ್ತೆ.

ಆ ಬಸ್ಸಿನ ನಿಯಮ ಕೇಳಿ. ಕಪ್ಪು ಪ್ರಯಾಣಿಕರು ಮುಂದಿನ ಬಾಗಿಲಲ್ಲಿ ದುಡ್ಡು ಕೊಟ್ಟು, ಕೆಳಗಿಳಿದು, ಹಿಂದಿನ ಬಾಗಿಲಿಂದ ಹತ್ತಬೇಕು. ಅಷ್ಟರಲ್ಲಿ ಡ್ರೈವರ್ ಬಸ್ ಬಿಟ್ಟುಕೊಂಡು ಹೋಗಿದ್ದೂ ಉಂಟು. ದುಡ್ಡಿಗೆ ಮೈಲಿಗೆ ಇಲ್ಲ, ಮನುಷ್ಯನಿಗೆ ಇದೆ! ಮೇಲ್ಜಾತಿ ಬೀದೀಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದ ನಮ್ಮ ಅಜ್ಜ-ಮುತ್ತಜ್ಜಂದಿರಿಗೆ ಇದನ್ನ ವಿವರಿಸಬೇಕಾಗಿರಲಿಲ್ಲ. ಯಾರು ಎಲ್ಲಿ ನಡೀಬೇಕು, ಎಲ್ಲಿ ಕೂರಬೇಕು ಅನ್ನೋದರಲ್ಲೇ ಜಾತಿ ದಿನಾ ಬದುಕಿರೋದು.

381 ದಿನ ಅವರು ಬಸ್ ಹತ್ತಲಿಲ್ಲ. ಮನೆಗೆಲಸದ ಹೆಂಗಸರು, ಕೂಲಿಗಳು, ಮೇಷ್ಟ್ರುಗಳು ನಡೆದರು, ಒಬ್ಬರ ಕಾರಲ್ಲಿ ಇನ್ನೊಬ್ಬರು ಹೋದರು. ಆ ದಿನಗಳ ಫೋಟೋಗಳನ್ನ ನೋಡಿ. ಕೈಚೀಲ ಹಿಡಿದು ಫುಟ್‌ಪಾತ್ ಮೇಲೆ ನಡೀತಿರೋ ಹೆಂಗಸರು. ಖಾಲಿ ಬಸ್. ರಕ್ತ ಇಲ್ಲ, ಗಾಯ ಇಲ್ಲ. ಆದ್ರೆ ಆ ನಡಿಗೆಯೇ ಬಸ್ ಕಂಪನಿಯ ಲೆಕ್ಕ ಕೆಡಿಸಿತು, ಕೋರ್ಟಿನ ಕೇಸಿಗೆ ಬೆನ್ನೆಲುಬಾಯ್ತು. 1956ರ ಡಿಸೆಂಬರ್ 21ಕ್ಕೆ ಪಾರ್ಕ್ಸ್ ಬಸ್ಸಿನ ಮುಂಭಾಗದಲ್ಲಿ ಕೂತರು. ನಾವೆಲ್ಲ ನೋಡಿರೋ ಆ ಪ್ರಸಿದ್ಧ ಫೋಟೋ ಅವತ್ತಿನದು, ಬಂಧನದ ದಿನದ್ದಲ್ಲ. ಹಿಂದಿನ ಸೀಟಲ್ಲಿರೋ ಬಿಳಿಯ ಒಬ್ಬ ಪತ್ರಕರ್ತ. ಫೋಟೋಗೆಂದೇ ಕೂರಿಸಿದ್ದು. ಹಾಗಂತ ಅದು ಸುಳ್ಳಲ್ಲ, ಆ ಸೀಟು ಅವತ್ತು ನಿಜವಾಗಿ ಅವರದ್ದೇ.

ಈಗ ನಮ್ಮ ಕಡೆ ಬನ್ನಿ. 2016ರ ಜುಲೈ 11, ಗುಜರಾತಿನ ಊನಾ. ಸತ್ತ ಹಸುವಿನ ಚರ್ಮ ಸುಲೀತಿದ್ದ ನಮ್ಮ ಹುಡುಗರನ್ನ ಗಾಡಿಗೆ ಕಟ್ಟಿ ಹೊಡೆದರು. ವಿಡಿಯೋ ಹರಿಬಿಟ್ಟವರೂ ಹೊಡೆದವರೇ. ವೇಕೊದ ಪೋಸ್ಟ್‌ಕಾರ್ಡೇ ಅದು, ಕೈಯಲ್ಲಿ ಮೊಬೈಲ್ ಬಂದಿತ್ತು ಅಷ್ಟೆ. ಆದ್ರೆ ನೋಡಿದ ದಲಿತರು ಬರೀ ಅಳ್ತಾ ಕೂರಲಿಲ್ಲ. ಸತ್ತ ದನಗಳನ್ನ ತಂದು ಸುರೇಂದ್ರನಗರದ ಕಲೆಕ್ಟರ್ ಕಚೇರಿ ಮುಂದೆ ಹಾಕಿದರು. ಆಗಸ್ಟ್ 5ಕ್ಕೆ ಅಹಮದಾಬಾದ್‌ನಿಂದ ಹೊರಟು 15ಕ್ಕೆ ಊನಾ ಮುಟ್ಟಿದರು, ಭೂಮಿ ಕೇಳಿದರು. ಅದೇ ಸ್ಫೂರ್ತಿಯಲ್ಲಿ ಅಕ್ಟೋಬರ್‌ನಲ್ಲಿ ಬೆಂಗಳೂರಿಂದ 'ಉಡುಪಿ ಚಲೋ' ಹೊರಟಿತು, ಆಹಾರದ ಆಯ್ಕೆ, ಭೂಮಿಯ ಹಕ್ಕು ಕೇಳಿಕೊಂಡು. ಚಳವಳಿ ಅನ್ನೋ ಪದದೊಳಗೇ ಚಲನೆ ಇದೆ, ಅಲ್ವಾ?

ಅದಕ್ಕೇ ಎರಡು ಮಾತು ಕೇಳ್ಕೊತೀನಿ.

ಒಂದು, ಸತ್ತವರ, ಹೊಡೆಸಿಕೊಂಡವರ ಫೋಟೋ ಹಾಕೋ ಮುಂಚೆ ಆ ಮನೆಯವರನ್ನ ಕೇಳಿ. ಮೇಮಿ ಟಿಲ್ ಪೆಟ್ಟಿಗೆ ತೆರೆಸಿದ್ದು ಅವರ ಹಕ್ಕು. ಇನ್ನೊಬ್ಬ ತಾಯಿ ಬೇಡ ಅಂದ್ರೆ ಅದೂ ಹಕ್ಕೇ. ಅತ್ಯಾಚಾರದ ಪ್ರಕರಣದಲ್ಲಂತೂ ಗುರುತು ತೋರಿಸೋದು ಕಾನೂನಿನಲ್ಲೇ ಅಪರಾಧ. ಒಪ್ಪಿದ್ರೆ, ಆ ಮನುಷ್ಯ ನಗ್ತಿದ್ದ ಫೋಟೋನೂ ಜೊತೆಗೆ ಹಾಕಿ. ಧರಣಿ ಎಲ್ಲಿ, ಯಾವಾಗ, ಕೇಸು ಯಾರು ನೋಡ್ತಿದ್ದಾರೆ ಅಂತಾನೂ ಬರೀರಿ. ನೋಡಿದವರಿಗೆ ಹೆಜ್ಜೆ ಇಡೋಕೆ ಒಂದು ದಾರಿ ಬೇಕು.

ಎರಡು, ನಮ್ಮ ನಡಿಗೆಯ ಫೋಟೋ ತೆಗೀರಿ. ಊರ ದೇವಸ್ಥಾನದೊಳಗೆ ಮೊದಲ ಸಲ ಹೋದ ದಿನ, ಕ್ಷೌರದಂಗಡಿ ಕುರ್ಚಿ ಮೇಲೆ ಕೂತ ದಿನ, ಕೇರಿಯ ಹೆಣ್ಮಗಳು ಬ್ಯಾಗ್ ಹಾಕ್ಕೊಂಡು ಕಾಲೇಜಿಗೆ ಹೊರಟ ದಿನ. ಹೆಸರು, ಊರು, ತಾರೀಕು ಅವರನ್ನ ಕೇಳಿ ಬರೆದಿಡಿ. ನಾವು ಬಿದ್ದ ದಿನಗಳ ಫೋಟೋ ಪೊಲೀಸ್ ಫೈಲಲ್ಲಿ ಸಿಗುತ್ತೆ. ಎದ್ದು ನಡೆದ ದಿನಗಳದ್ದನ್ನ ನಾವೇ ಇಡಬೇಕು.

ಜೈ ಭೀಮ್.