ಅಡ್ಡಗಾಲು ಹಾಕಿದ ಪದ

ಇಂಗ್ಲಿಷಿನ ‘ಇಂಟರ್‌ಫಿಯರ್’ ಮೊದಮೊದಲು ಕುದುರೆ ಸಾಕುವವರ ಮಾತು. ಹಳೆಯ ಫ್ರೆಂಚಿನಿಂದ ಬಂದ ಈ ಪದದ ಮೂಲ ಅರ್ಥ ‘ಒಂದಕ್ಕೊಂದು ಹೊಡೆದುಕೊಳ್ಳು’. ಓಡುವ ಕುದುರೆಯ ಒಂದು ಗೊರಸು ಇನ್ನೊಂದು ಕಾಲಿನ ಒಳಬದಿಗೆ ತಾಗಿ ಗಾಯವಾದರೆ ಲಾಳ ಕಟ್ಟುವವರು ಹೀಗೆನ್ನುತ್ತಿದ್ದರು. ಅಶ್ವವೈದ್ಯರು ಈಗಲೂ ಹೀಗೇ ಅನ್ನುತ್ತಾರೆ. ಬೇರೆಯವರ ವಿಚಾರಕ್ಕೆ ತಲೆಹಾಕುವುದು ಎಂಬ ಅರ್ಥ ಬಂದದ್ದು 17ನೇ ಶತಮಾನದಲ್ಲಿ. 19ನೇ ಶತಮಾನದ ಆರಂಭದಲ್ಲಿ ವಿಜ್ಞಾನಿ ಥಾಮಸ್ ಯಂಗ್ ಅದನ್ನು ಬೆಳಕಿಗೆ ಅನ್ವಯಿಸಿದರು. ನಮ್ಮ ಪಠ್ಯಪುಸ್ತಕಗಳ ‘ವ್ಯತಿಕರಣ’ ಅದೇ.

ಕನ್ನಡದ ಪತ್ರಿಕೆಗಳು ‘ಇಂಟರ್‌ಫಿಯರೆನ್ಸ್’ಗೆ ಸಾಮಾನ್ಯವಾಗಿ ಬರೆಯುವುದು ‘ಹಸ್ತಕ್ಷೇಪ’. ಅದರಲ್ಲಿರುವುದು ಕೈ. ಮೂಲಕ್ಕೆ ಹತ್ತಿರವಾದದ್ದು ನಮ್ಮ ‘ಅಡ್ಡಗಾಲು’ ಎಂದೇ ನನ್ನ ಅಭಿಪ್ರಾಯ. ಜೀವವಿಜ್ಞಾನದಲ್ಲಿ ಆ ಇಂಗ್ಲಿಷ್ ಪದ ನಡೆದ ದಾರಿ ನೋಡಿದರೆ ಅದು ಇನ್ನೂ ಚೆನ್ನಾಗಿ ಒಪ್ಪುತ್ತದೆ.

ವೈರಸ್‌ಗಳ ಲೋಕಕ್ಕೆ ಪದ ಕಾಲಿಟ್ಟದ್ದು 1930ರ ದಶಕದಲ್ಲಿ. ರಿಫ್ಟ್ ವ್ಯಾಲಿ ಜ್ವರದ ವೈರಸ್ ತಗುಲಿದ ಮಂಗಗಳಿಗೆ ಹಳದಿ ಜ್ವರದಿಂದ ರಕ್ಷಣೆ ಸಿಗುವುದನ್ನು ವಿಜ್ಞಾನಿಗಳಾದ ಫಿಂಡ್ಲೆ ಮತ್ತು ಮ್ಯಾಕಲಮ್ 1937ರಲ್ಲಿ ವರದಿ ಮಾಡಿ, ಅದನ್ನು ‘ಇಂಟರ್‌ಫಿಯರೆನ್ಸ್’ ಎಂದು ಕರೆದರು. ಒಂದು ವೈರಸ್ಸಿಗೆ ಇನ್ನೊಂದು ಅಡ್ಡ ಬರುತ್ತಿತ್ತು, ಹೇಗೆಂಬುದು ಮಾತ್ರ ಒಗಟು. ಇಪ್ಪತ್ತು ವರ್ಷದ ಮೇಲೆ, 1957ರಲ್ಲಿ, ಲಂಡನ್ನಿನ ಮಿಲ್ ಹಿಲ್‌ನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡನ್‌ಮನ್ ಕೋಳಿಮೊಟ್ಟೆಯ ಭ್ರೂಣದ ಪೊರೆಯ ಚೂರುಗಳನ್ನು, ಕಾಯಿಸಿ ನಿಷ್ಕ್ರಿಯಗೊಳಿಸಿದ ಇನ್‌ಫ್ಲುಯೆಂಜಾ ವೈರಸ್ಸಿನ ಜೊತೆ ಇಟ್ಟು ನೋಡಿದರು. ಆ ದ್ರವವನ್ನು ಹೊಸ ಚೂರುಗಳಿಗೆ ಸೋಕಿಸಿದರೆ ಅವುಗಳಲ್ಲಿ ವೈರಸ್ ಸರಿಯಾಗಿ ಬೆಳೆಯಲಿಲ್ಲ. ಅಡ್ಡ ಬರುತ್ತಿದ್ದದ್ದು ಜೀವಕೋಶಗಳೇ ಹೊರಬಿಟ್ಟ ವಸ್ತು. ಅದಕ್ಕೆ ಅವರಿಟ್ಟ ಹೆಸರು ‘ಇಂಟರ್‌ಫೆರಾನ್’. ಇದು ಪದದ ಹಿರಿಯ ಮಗು.

ಕಿರಿಯ ಮಗು ಹುಟ್ಟಿದ್ದು ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ. ಜೀನ್ ಒಂದರ ಸಂದೇಶವನ್ನು ಹೊತ್ತೊಯ್ಯುವುದು ಒಂಟಿ ಎಳೆಯ ಆರ್‌ಎನ್‌ಎ. ಆಂಡ್ರೂ ಫೈರ್, ಕ್ರೇಗ್ ಮೆಲೊ ಮತ್ತು ಸಂಗಡಿಗರು ಸಿ. ಎಲೆಗನ್ಸ್ ಎಂಬ ಈ ಹುಳುವಿನ ಸ್ನಾಯುಗಳಿಗೆ ಬೇಕಾದ ‘ಅಂಕ್-22’ ಎಂಬ ಜೀನನ್ನು ಆರಿಸಿಕೊಂಡರು. ಅದು ಕೆಟ್ಟರೆ ಹುಳು ಅದುರುತ್ತದೆ. ಆ ಜೀನಿನ ಆರ್‌ಎನ್‌ಎಯ ಎಳೆಯನ್ನೂ ಅದಕ್ಕೆ ಜೋಡಿಯಾಗುವ ಎದುರೆಳೆಯನ್ನೂ ಬೇರೆ ಬೇರೆಯಾಗಿ ಚುಚ್ಚಿದರೆ ಪರಿಣಾಮ ಅಷ್ಟಕ್ಕಷ್ಟೆ. ಜೋಡಿಯಾಗಿ ಹೆಣೆದು ಚುಚ್ಚಿದಾಗ ಮರಿಹುಳುಗಳು ಅದುರತೊಡಗಿದವು. ಒಂದೊಂದು ಕೋಶಕ್ಕೆ ಕೆಲವೇ ಅಣುಗಳು ಸಾಕಾಗಿದ್ದವು. 1998ರ ಆ ಲೇಖನದ ಶೀರ್ಷಿಕೆಯಲ್ಲೂ ‘ಇಂಟರ್‌ಫಿಯರೆನ್ಸ್’ ಇದೆ. ಸಸ್ಯವಿಜ್ಞಾನಿಗಳು ಪೆಟೂನಿಯಾ ಹೂವಿನಲ್ಲಿ, ಶಿಲೀಂಧ್ರ ತಜ್ಞರು ನ್ಯೂರೊಸ್ಪೊರಾದಲ್ಲಿ ಇಂಥದ್ದನ್ನೇ ಮೊದಲೇ ಕಂಡು ತಮ್ಮದೇ ಹೆಸರು ಇಟ್ಟಿದ್ದರು. ಉಳಿದದ್ದು ಹುಳುವಿನವರ ಹೆಸರು: ‘ಆರ್‌ಎನ್‌ಎ ಇಂಟರ್‌ಫಿಯರೆನ್ಸ್’. 2006ರ ನೊಬೆಲ್ ಫೈರ್ ಮತ್ತು ಮೆಲೊಗೆ ಬಂತು.

ಇನ್ನು ಮನುಷ್ಯರ ಕೋಶ. ಇಲ್ಲಿ ಅಣ್ಣತಮ್ಮಂದಿರ ಕಾಲು ಒಂದಕ್ಕೊಂದು ತೊಡರಿದವು. ಉದ್ದನೆಯ ಜೋಡಿ ಆರ್‌ಎನ್‌ಎ ಕಂಡರೆ ನಮ್ಮ ಕೋಶ ವೈರಸ್ ಬಂತೆಂದೇ ತಿಳಿಯುತ್ತದೆ, ಇಂಟರ್‌ಫೆರಾನ್ ವ್ಯವಸ್ಥೆ ಎಚ್ಚೆತ್ತು ಎಲ್ಲ ಪ್ರೋಟೀನುಗಳ ತಯಾರಿಯನ್ನೂ ನಿಲ್ಲಿಸುತ್ತದೆ. ಒಂದು ಜೀನನ್ನಷ್ಟೇ ಅಡಗಿಸಲು ಹೋದವರಿಗೆ ಕೋಶವೇ ಸಾಯುವುದು ಕಾಣುತ್ತಿತ್ತು. ಈ ತೊಡರನ್ನು ಬಿಡಿಸಿದ್ದು ಜರ್ಮನಿಯ ಗಟಿಂಗೆನ್‌ನಲ್ಲಿದ್ದ ಥಾಮಸ್ ಟುಶ್ಲ್ ತಂಡ. 2001ರಲ್ಲಿ ಅವರು ಕೇವಲ 21 ನ್ಯೂಕ್ಲಿಯೊಟೈಡ್ (ಆರ್‌ಎನ್‌ಎಯ ‘ಅಕ್ಷರ’) ಉದ್ದದ ಜೋಡಿ ಎಳೆಯ ತುಣುಕುಗಳನ್ನು ಬಳಸಿದರು. ಇಷ್ಟು ಚಿಕ್ಕದು ಹಿರಿಯವನ ಕಣ್ಣಿಗೆ ಬೀಳದೆ ಕಿರಿಯವನ ಕೆಲಸ ಮುಗಿಸಿತು. ಈ ಕಥೆಯಲ್ಲಿ ನನಗೆ ಅತ್ಯಂತ ದೊಡ್ಡ ಹೆಜ್ಜೆ ಎನಿಸುವುದು ಇದೇ. ಇದಾಗದಿದ್ದರೆ ಹುಳುವಿನ ಸಂಶೋಧನೆ ಹುಳುವಿನಲ್ಲೇ ಉಳಿಯುತ್ತಿತ್ತು.

ಅಲ್ಲಿಂದ ಮುಂದೆ ವೈರಸ್ ಸಂಶೋಧಕರು ಸುಮ್ಮನೆ ಕೂರಲಿಲ್ಲ. ವೈರಸ್ಸಿನ ಒಂದೊಂದೇ ಜೀನಿನ ಬಾಯಿ ಮುಚ್ಚಿಸಿ, ಅದಿಲ್ಲದೆ ಏನು ನಿಲ್ಲುತ್ತದೆ ಎಂದು ನೋಡುವುದು ಸಾಧ್ಯವಾಯಿತು. ನಮ್ಮದೇ ಜೀನುಗಳನ್ನೂ ಹಾಗೆ ಅಡಗಿಸಿ ನೋಡಬಹುದಾಯಿತು: ಎಚ್‌ಐವಿ ಬೆಳೆಯಲು ನೆಚ್ಚಿಕೊಂಡಿರುವ 250ಕ್ಕೂ ಹೆಚ್ಚು ಮಾನವ ಪ್ರೋಟೀನುಗಳನ್ನು ಹಾರ್ವರ್ಡ್‌ನ ಸ್ಟೀಫನ್ ಎಲಿಜ್ ತಂಡ 2008ರಲ್ಲಿ ಈ ದಾರಿಯಲ್ಲೇ ಪಟ್ಟಿ ಮಾಡಿತು.

ವೈರಸ್ಸನ್ನೇ ಅಡಗಿಸುವುದು ಇದಕ್ಕಿಂತ ಕಷ್ಟ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ರಾವುಲ್ ಆಂಡಿನೊ ತಂಡ ಪೋಲಿಯೊ ವೈರಸ್ಸಿನ ಮೇಲೆ ಈ ತುಣುಕುಗಳನ್ನು ಬಿಟ್ಟಾಗ ಅದರ ಬೆಳವಣಿಗೆ ಕುಸಿಯಿತು. ಆದರೆ ಗುರಿಯಿಟ್ಟ ಜಾಗದಲ್ಲಿ ಒಂದೇ ಒಂದು ಅಕ್ಷರ ಬದಲಿಸಿಕೊಂಡ ವೈರಸ್‌ಗಳು ತಪ್ಪಿಸಿಕೊಂಡವು. ಆರ್‌ಎನ್‌ಎ ವೈರಸ್‌ಗಳು ನಕಲಿನಲ್ಲಿ ಬಹಳ ತಪ್ಪು ಮಾಡುತ್ತವೆ, ಆ ತಪ್ಪುಗಳೇ ಅವುಗಳ ಬಲ. ಒಂದೇ ತುಣುಕು ನಂಬಿ ಕೂರುವ ಹಾಗಿಲ್ಲ. ಹಲವು ಕಡೆ ಒಟ್ಟಿಗೆ ಗುರಿಯಿಡಬೇಕು.

ಗಿಡಗಳಿಗೆ ವೈರಸ್ಸನ್ನು ಹೀಗೆ ಅಡಗಿಸುವುದು ಹೊಸತೇನಲ್ಲ. ತಮ್ಮೊಳಗೆ ಬಂದ ವೈರಸ್ಸಿನ ಆರ್‌ಎನ್‌ಎಯನ್ನು ಸಣ್ಣ ತುಣುಕುಗಳಾಗಿ ಕತ್ತರಿಸಿ, ಆ ತುಣುಕುಗಳ ಗುರುತಿನಿಂದಲೇ ಉಳಿದ ಪ್ರತಿಗಳನ್ನು ಹುಡುಕಿ ನಾಶಮಾಡುವುದು ಅವುಗಳ ಹಳೆಯ ರಕ್ಷಣೆ. ಅದಕ್ಕೆ ಪ್ರತಿಯಾಗಿ ಟೊಮೆಟೊ ಗಿಡವನ್ನು ಕುಬ್ಜಗೊಳಿಸುವ ಬುಶಿ ಸ್ಟಂಟ್ ವೈರಸ್ ‘ಪಿ19’ ಎಂಬ ಪ್ರೋಟೀನನ್ನು ತಯಾರಿಸುತ್ತದೆ. ಎರಡು ಪಿ19ಗಳು ಜೊತೆಗೂಡಿ ಜೋಡಿ ಎಳೆಯ ತುಣುಕಿನ ಎರಡೂ ತುದಿ ಹಿಡಿದು ಅದರ ಉದ್ದ ಅಳೆಯುತ್ತವೆ. ಅಳತೆ 21ರ ಆಸುಪಾಸಿನಲ್ಲಿದ್ದರೆ ಬಿಗಿಯಾಗಿ ಅಪ್ಪಿಕೊಂಡು, ಅದು ಕೆಲಸಕ್ಕೆ ಬಾರದಂತೆ ಮಾಡುತ್ತವೆ. ಅಡ್ಡಿಗೇ ಅಡ್ಡಿ. ಇಂದು ಪ್ರಯೋಗಾಲಯಗಳಲ್ಲಿ, ರಾಶಿ ಆರ್‌ಎನ್‌ಎಯ ನಡುವಿನಿಂದ ಆ ಸಣ್ಣ ತುಣುಕುಗಳನ್ನಷ್ಟೇ ಹೆಕ್ಕಿ ತೆಗೆಯಲು ಇದೇ ಪಿ19 ಅನ್ನು ಬಳಸುತ್ತಾರೆ.